ಬೀಜ ಒಂದೇ, ಹೊಲ ಬೇರೆ

ಕೇಳುಗರೇ, ನಮಸ್ಕಾರ.

ಇವತ್ತಿನ ಮಾತು ಸಮಾನ ಅವಕಾಶದ ಬಗ್ಗೆ. ಶುರು ಮಾತ್ರ ಮೆಕ್ಕೆಜೋಳದಿಂದ. ದಾವಣಗೆರೆ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

1969ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸೆನ್ ಒಂದು ಉದ್ದನೆಯ ಲೇಖನ ಬರೆದರು. ಹಿಂದುಳಿದ ಮಕ್ಕಳಿಗೆ ಕೊಡುತ್ತಿದ್ದ ವಿಶೇಷ ಪಾಠ ಫಲ ಕೊಟ್ಟಿಲ್ಲ ಎಂದರು. ಬುದ್ಧಿಮತ್ತೆ ಪರೀಕ್ಷೆಯಲ್ಲಿ ಕಪ್ಪು ಮಕ್ಕಳ ಸರಾಸರಿ ಅಂಕ ಬಿಳಿಯ ಮಕ್ಕಳಿಗಿಂತ ಕಡಿಮೆ ಇರುವುದಕ್ಕೆ ಹುಟ್ಟುಗುಣವೂ ಕಾರಣ ಇರಬಹುದು ಎಂದರು. ದೊಡ್ಡ ಗದ್ದಲವೇ ಎದ್ದಿತು.

ಮರುವರ್ಷ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ಉತ್ತರ ಕೊಟ್ಟರು. ಅವರು ಕೈಗೆತ್ತಿಕೊಂಡದ್ದು ಮೆಕ್ಕೆಜೋಳದ ಬೀಜವನ್ನೇ. ನಮ್ಮ ಕಡೆಯ ಮಾತಲ್ಲಿ ಹೇಳುತ್ತೇನೆ. ಒಂದು ಚೀಲದ ತುಂಬ ಜವಾರಿ ಬೀಜ ಇದೆ ಅಂದುಕೊಳ್ಳಿ. ಹೈಬ್ರಿಡ್ ಅಲ್ಲ, ಎಲ್ಲ ಥರದ್ದೂ ಬೆರೆತಿರುವಂಥದ್ದು. ಅದರಿಂದ ಒಂದು ಹಿಡಿ ತೆಗೆದು ಒಳ್ಳೆ ಗೊಬ್ಬರ ಬಿದ್ದ ಹೊಲಕ್ಕೆ ಹಾಕಿ. ಇನ್ನೊಂದು ಹಿಡಿ ಸಾರಜನಕವೂ ಸತುವೂ ಕಡಿಮೆ ಇರುವ ಹೊಲಕ್ಕೆ. ಎರಡು ಹೊಲದಲ್ಲೂ ಒಂದು ಗಿಡ ಎತ್ತರ, ಒಂದು ಗಿಡ್ಡ. ಹೊಲದೊಳಗೆ ಮಣ್ಣು, ನೀರು ಎಲ್ಲ ಕಡೆ ಒಂದೇ ಥರ ಇದ್ದರೆ, ಒಂದೇ ಹೊಲದೊಳಗಿನ ಆ ವ್ಯತ್ಯಾಸ ಪೂರ್ತಿ ಬೀಜದ್ದು. ಆದರೆ ಎರಡನೇ ಹೊಲದಲ್ಲಿ ಎಲೆ ಬಿಳಚಿಕೊಂಡು ಇಡೀ ಬೆಳೆಯೇ ಕುಳ್ಳಗಾಗಿರುತ್ತದಲ್ಲ, ಅದು ಪೂರ್ತಿ ಮಣ್ಣಿನದ್ದು. ಒಂದೇ ಗುಂಪಿನೊಳಗೆ ಕಂಡ ವ್ಯತ್ಯಾಸವನ್ನು ಎತ್ತಿಕೊಂಡು ಎರಡು ಗುಂಪುಗಳ ನಡುವಿನ ಅಂತರಕ್ಕೆ ಅಂಟಿಸಿದರೆ ಲೆಕ್ಕವೇ ತಪ್ಪುತ್ತದೆ.

ಇದು ಅಮೆರಿಕದ ಜಗಳ ಅಂತ ಸುಮ್ನಿರುವ ಹಾಗಿಲ್ಲ. 1918ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲು ನೋಡಲು ಮಿಲ್ಲರ್ ಸಮಿತಿ ಮಾಡಿದಾಗ ಇಲ್ಲೂ ಅರ್ಹತೆಯದೇ ಮಾತು. ಅವರಿಗೆ ಹೆಚ್ಚು ಪಾಲು ಕೊಡುವುದು ದಿವಾನ್ ವಿಶ್ವೇಶ್ವರಯ್ಯನವರಿಗೆ ಸರಿ ಕಾಣಲಿಲ್ಲ. ಅದೇ ವರ್ಷ ದಿವಾನರು ಹುದ್ದೆ ಬಿಟ್ಟರು. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಊರು.

ಇವತ್ತು ಅದೇ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಕಡೆ ಬನ್ನಿ. ಕಾದ ಮರಳು, ಹೊಗೆ, ಪಕ್ಕದಲ್ಲೇ ಮನೆ. ಅಲ್ಲಿಯ ಹುಡುಗಿ ಸಿಇಟಿ ಬರೆಯುತ್ತಾಳೆ. ಎರಡು ವರ್ಷ ಕೋಚಿಂಗ್ ಪಡೆದ ಹುಡುಗನೂ ಬರೆಯುತ್ತಾನೆ. ಪ್ರಶ್ನೆಪತ್ರಿಕೆ ಒಂದೇ, ಹೊತ್ತೂ ಒಂದೇ. ರ‍್ಯಾಂಕ್ ನೋಡಿ ಬೀಜದ ಗುಣ ಹೇಳುವವರು ಮಣ್ಣು ಪರೀಕ್ಷೆ ಮಾಡಿಸಿದ್ದಾರಾ?

ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1971ರ ಅವರ ವಾದ ಇದು: ಹುಟ್ಟಿನಿಂದ ಬಂದ ಜಾಣತನವೂ ಅದೃಷ್ಟವೇ, ಅದು ಯಾರ ಸಂಪಾದನೆಯೂ ಅಲ್ಲ. ಆ ಜಾಣತನದ ಲಾಭ ಕೆಳಗಿದ್ದವರ ಬದುಕನ್ನೂ ಮೇಲೆತ್ತಬೇಕು. ಶ್ರಮ ಪಡುವ ಗುಣಕ್ಕೂ ಮನೆ ಚೆನ್ನಾಗಿರಬೇಕು ಅಂತ ಅವರು ಹೇಳುವುದು ನನಗೆ ಪೂರ್ತಿ ಒಗ್ಗುವುದಿಲ್ಲ. ಬಡಮನೆಯಲ್ಲೂ ಹಟ ಹಿಡಿದು ಓದುವವರು ಇದ್ದಾರಲ್ವಾ?

ಆದರೆ ಜಾಣತನದ ಲಾಭ ಕೆಳಗಿದ್ದವರಿಗೂ ಮುಟ್ಟಬೇಕು ಎಂಬ ಮಾತು ಒಗ್ಗುತ್ತದೆ. ಆ ದಾರಿಯಲ್ಲೇ ನಮ್ಮ ರಾಜ್ಯ 2012ರಲ್ಲಿ ಒಂದು ಕಾಯ್ದೆ ಮಾಡಿತು. ಓದು ಮುಗಿಸಿದ ಡಾಕ್ಟರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಎಂದು. ಅದರ ಜಗಳ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಓದಿದ್ದು ನಾವು, ಬದುಕು ನಮ್ಮದು ಅಂದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಮೊಳಕಾಲ್ಮೂರಿನ ಯಾವುದೋ ಹಳ್ಳಿಯ ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತವರನ್ನು ನೆನೆದರೆ, ನಾನು ಕಾಯ್ದೆಯ ಕಡೆಯೇ.

ನಮಸ್ಕಾರ.