ಮೇಜಿನ ಕೆಳಗಿನ ಕಪ್ಪು ಚೀಲ: ಫೀಲಿಕ್ಸ್ ಬ್ಲಾಕ್ ಪ್ರಕರಣ

[ಪರದೆ: ಪ್ಯಾರಿಸ್ ನಕ್ಷೆ. ಮೇಲೆ ತಾರೀಖು: 1989 ಮೇ 14]

ಪ್ಯಾರಿಸ್‌ನ ಮ್ಯೂರಿಸ್ ಹೋಟೆಲ್. ಇಬ್ಬರು ರಾತ್ರಿ ಊಟಕ್ಕೆ ಕೂತಿದ್ದಾರೆ. ಒಬ್ಬರು ಒಂದು ಕಪ್ಪು ಚೀಲ ತಂದಿದ್ದಾರೆ. ಅದನ್ನು ಮೇಜಿನ ಕೆಳಗೆ ಇಟ್ಟಿದ್ದಾರೆ. ಊಟ ಮುಗಿಯಿತು. ಚೀಲ ತಂದವರು ಅದನ್ನು ಅಲ್ಲೇ ಬಿಟ್ಟರು. ಎದುರಿಗೆ ಕೂತಿದ್ದವನು ಎತ್ತಿಕೊಂಡು ಹೋದ.

ಇದನ್ನೆಲ್ಲ ಫ್ರಾನ್ಸ್‌ನ ಗುಪ್ತಚರರು ನೋಡುತ್ತಿದ್ದರು. ಆದರೆ ತಡೆಯಲಿಲ್ಲ, ಚೀಲ ಬಿಚ್ಚಿ ನೋಡಲಿಲ್ಲ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ನಮಸ್ಕಾರ. ಚೀಲ ಬಿಟ್ಟು ಹೋದವರ ಹೆಸರು ಫೀಲಿಕ್ಸ್ ಬ್ಲಾಕ್. ಅಮೆರಿಕದ ರಾಜತಾಂತ್ರಿಕ ಅಧಿಕಾರಿ. ಹುಟ್ಟಿದ್ದು 1935ರಲ್ಲಿ, ವಿಯೆನ್ನಾದಲ್ಲಿ. ಯಹೂದಿ ಕುಟುಂಬ. ನಾಜಿಗಳ ಕಾಟ ತಾಳಲಾರದೆ ದೇಶ ಬಿಟ್ಟು ನ್ಯೂಯಾರ್ಕ್ ಸೇರಿದವರು. ಬ್ಲಾಕ್ 1958ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಗೆ ಸೇರಿದರು. ಮೂವತ್ತು ವರ್ಷ ಅದೇ ಕೆಲಸ. ಕೊನೆಗೆ ಹುಟ್ಟಿದ ಊರಿಗೇ ಪೋಸ್ಟಿಂಗ್ ಆಯಿತು. 1980ರ ದಶಕದಲ್ಲಿ ವಿಯೆನ್ನಾದ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಅವರದ್ದು ಎರಡನೇ ಸ್ಥಾನ. ರಾಯಭಾರಿ ಬಿಟ್ಟರೆ ಇವರೇ. ರಾಯಭಾರಿಗಳು ರಾಜಕೀಯ ನೇಮಕದಿಂದ ಬಂದು ಹೋಗುತ್ತಿದ್ದರು. ಕಚೇರಿಯ ದಿನನಿತ್ಯದ ಆಡಳಿತ ಇವರ ಕೈಯಲ್ಲಿ.

ಆಗಿನ ವಿಯೆನ್ನಾ ಸುಮ್ನೆ ಒಂದು ಸುಂದರ ಊರಲ್ಲ. ಆಸ್ಟ್ರಿಯಾ ಯಾವ ಬಣಕ್ಕೂ ಸೇರದ ದೇಶ. ಆಸ್ಟ್ರಿಯಾದ ವಿರುದ್ಧ ಬೇಹುಗಾರಿಕೆ ಮಾಡಿದರೆ ಮಾತ್ರ ಅಲ್ಲಿ ಅಪರಾಧ. ಬೇರೆಯವರು ಬೇರೆಯವರ ಮೇಲೆ ಕಣ್ಣಿಟ್ಟರೆ ಕಾನೂನು ಅಷ್ಟಾಗಿ ತಲೆ ಹಾಕುತ್ತಿರಲಿಲ್ಲ. ಹಾಗಾಗಿ ಎರಡೂ ಕಡೆಯವರೂ ಅಲ್ಲೇ ಬೀಡುಬಿಟ್ಟಿದ್ದರು.

[ಪರದೆ: ಮೇಜಿನ ಮೇಲೆ ಒಂದು ಹಳೆಯ ಟೆಲಿಫೋನ್]

ಇನ್ನು ಚೀಲ ತೆಗೆದುಕೊಂಡವನು. ಅವನು ರೈನೋ ಗಿಕ್‌ಮನ್. ಫಿನ್‌ಲೆಂಡ್ ಪ್ರಜೆ ಎಂದು ವಿಯೆನ್ನಾದಲ್ಲಿ ಬದುಕುತ್ತಿದ್ದ. ಆದರೆ ಅವನು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಆಳು ಎಂದು ಅಮೆರಿಕದವರು ಗುರುತಿಸಿದ್ದರು. ಈ ಥರದವರಿಗೆ ಆ ಲೋಕದಲ್ಲಿ 'ಇಲ್ಲೀಗಲ್' ಅಂತಾರೆ. ರಾಯಭಾರ ಕಚೇರಿಯಲ್ಲಿ ಕೂತು ಬೇಹುಗಾರಿಕೆ ಮಾಡುವವನು ಸಿಕ್ಕಿಬಿದ್ದರೆ ಊರಿಗೆ ವಾಪಸ್ ಕಳಿಸುತ್ತಾರೆ, ಅಷ್ಟೇ. ಸುಳ್ಳು ಹೆಸರಲ್ಲಿ ಬದುಕುವವನಿಗೆ ಆ ರಕ್ಷಣೆ ಇಲ್ಲ. ಸಿಕ್ಕರೆ ಜೈಲು. ಅದಕ್ಕೇ ಅಂಥವರನ್ನು ಉಳಿಸಿಕೊಳ್ಳಲು ಕೆಜಿಬಿ ಏನು ಬೇಕಾದರೂ ಮಾಡುತ್ತಿತ್ತು.

1989ರ ಏಪ್ರಿಲ್‌ನಲ್ಲಿ ಗಿಕ್‌ಮನ್ ಮತ್ತು ಬ್ಲಾಕ್ ಫೋನಿನಲ್ಲಿ ಮಾತಾಡಿದ್ದು ತನಿಖೆಯವರ ಕಿವಿಗೆ ಬಿತ್ತು. ಅಲ್ಲಿಂದ ಬ್ಲಾಕ್ ಹಿಂದೆ ಕಣ್ಣು. ಪ್ಯಾರಿಸ್ ಆಯಿತು, ಮೇ 28ಕ್ಕೆ ಬ್ರಸೆಲ್ಸ್‌ನಲ್ಲಿ ಮತ್ತೆ ಭೇಟಿ ಆಯಿತು. ಜೂನ್ ಶುರುವಿನಲ್ಲಿ ಗಿಕ್‌ಮನ್ ವಿಯೆನ್ನಾದಿಂದ ಮಾಯ. ಮಾಸ್ಕೋ ಸೇರಿದ್ದ.

ಬ್ಲಾಕ್ ಅಷ್ಟರಲ್ಲಿ ವಿಯೆನ್ನಾ ಬಿಟ್ಟು ವಾಷಿಂಗ್ಟನ್‌ಗೆ ಮರಳಿದ್ದರು. ಜೂನ್ 22ರ ಬೆಳಗಿನ ಜಾವ ಅಲ್ಲಿ ಅವರ ಮನೆ ಫೋನ್ ಬಾರಿಸಿತು. ಪಿಯೆರ್ ಪರವಾಗಿ ಮಾತಾಡುತ್ತಿದ್ದೇನೆ ಎಂದಿತು ಆ ಕಡೆಯ ದನಿ. ಪಿಯೆರ್ ಅಂದರೆ ಗಿಕ್‌ಮನ್; ಬ್ಲಾಕ್‌ಗೆ ಅವನು ಆ ಹೆಸರಿನಿಂದಲೇ ಪರಿಚಯ. ಪಿಯೆರ್‌ಗೆ ಹುಷಾರಿಲ್ಲ, ಸದ್ಯಕ್ಕೆ ಭೇಟಿ ಆಗುವುದಿಲ್ಲ. ಅಂಟುರೋಗ ಇರಬಹುದು ಎಂಬ ಅನುಮಾನ. ನಿಮ್ಮ ಬಗ್ಗೆಯೂ ಚಿಂತೆ ಆಗಿದೆ, ಜೋಪಾನವಾಗಿರಿ. ಇಷ್ಟು ಹೇಳಿ ಫೋನ್ ಇಟ್ಟರು.

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಇದನ್ನು ಕೇಳಿಸಿಕೊಳ್ಳುತ್ತಿತ್ತು. ಅಂಟುರೋಗ ಅಂದರೆ ಗುಟ್ಟು ಬಯಲಾಗಿದೆ ಎಂಬ ಎಚ್ಚರಿಕೆ ಅಂತಲೇ ಅವರು ಅರ್ಥ ಮಾಡಿಕೊಂಡರು. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದು ಅದೇ ದಿನ ಬ್ಲಾಕ್‌ರನ್ನು ಕೂರಿಸಿಕೊಂಡು ಪ್ರಶ್ನೆ ಶುರು ಮಾಡಿದರು. ಬ್ಲಾಕ್ ಹೇಳಿದ್ದು ಒಂದೇ ಮಾತು: ಆತ ನನಗೆ ಅಂಚೆಚೀಟಿ ಸಂಗ್ರಹಿಸುವವನಾಗಿ ಗೊತ್ತು, ಚೀಲದಲ್ಲಿದ್ದದ್ದು ಅಂಚೆಚೀಟಿ. ಬೇಹುಗಾರಿಕೆಯ ಆರೋಪವನ್ನು ಅಲ್ಲಗಳೆದರು. ಮರುದಿನದ ನಂತರ ಬಾಯಿ ಬಿಡಲಿಲ್ಲ.

[ಪರದೆ ಪೂರ್ತಿ ಕಪ್ಪು. ದನಿ ಮಾತ್ರ.]

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವಿಡಿಯೋ ಮಾಡುವ ನಮ್ಮಂಥವರಿಗೆ ಈ ಭಾಗ ತುಂಬಾ ಮುಖ್ಯ.

ಜುಲೈ 21ರ ಸಂಜೆ ಎಬಿಸಿ ಟಿವಿ ಈ ಸುದ್ದಿ ಹೊರಗೆಡವಿತು. ಸುದ್ದಿಯ ಜೊತೆ ಒಂದು ದೃಶ್ಯ ಬಂತು. ಮಸುಕು ಮಸುಕಾದ ಚಿತ್ರ, ದೂರದಿಂದ ಕದ್ದು ತೆಗೆದ ಹಾಗೆ. ಬ್ಲಾಕ್ ಥರ ಕಾಣುವ ಒಬ್ಬ ಇನ್ನೊಬ್ಬನ ಕೈಗೆ ಬ್ರೀಫ್‌ಕೇಸ್ ಕೊಡುತ್ತಾನೆ. ನೋಡಿದವರು ಏನಂದುಕೊಂಡಿರಬೇಕು? ಸರ್ಕಾರದ ಗುಪ್ತ ಕ್ಯಾಮೆರಾದ ದೃಶ್ಯ ಅಂತಲೇ. ಅಸಲಿಗೆ ಅದು ಟಿವಿಯವರೇ ಜನರನ್ನು ನಿಲ್ಲಿಸಿ ಚಿತ್ರೀಕರಿಸಿದ ನಟನೆ. 'ಇದು ಅಭಿನಯ' ಎಂದು ತೋರಿಸಬೇಕಾಗಿದ್ದ ಅಕ್ಷರಗಳು ಮೊದಲ ಪ್ರಸಾರದಲ್ಲಿ ಬರಲೇ ಇಲ್ಲ. ಕೆಲವು ದಿನಗಳ ನಂತರ ನಿರೂಪಕ ಪೀಟರ್ ಜೆನ್ನಿಂಗ್ಸ್ ತೆರೆಯ ಮೇಲೆ ಕ್ಷಮೆ ಕೇಳಿದರು. ಆದರೆ ಕಣ್ಣಾರೆ ಕಂಡೆ ಅಂದುಕೊಂಡದ್ದನ್ನು ಕ್ಷಮೆ ಅಳಿಸುತ್ತದೆಯೇ? ಬ್ಲಾಕ್ ಮೇಲೆ ಆಗ ಒಂದೇ ಒಂದು ಕೇಸೂ ಇರಲಿಲ್ಲ.

ಅದಕ್ಕೇ ನಮ್ಮ ಈ ವಿಡಿಯೋದಲ್ಲಿ ನಟರಿಲ್ಲ. ಆ ಚೀಲದ ಚಿತ್ರವನ್ನೂ ನಾವು ಬಿಡಿಸಿಲ್ಲ.

[ಪರದೆ: ವಾಷಿಂಗ್ಟನ್ ಬೀದಿ]

ಆಮೇಲೆ ನಡೆದದ್ದು ಒಂಥರಾ ಜಾತ್ರೆ. ಬ್ಲಾಕ್ ಮನೆಯಿಂದ ಹೊರಬಂದರೆ ಹಿಂದೆ ಎಫ್‌ಬಿಐನವರು, ಅವರ ಹಿಂದೆ ಕ್ಯಾಮೆರಾ ಹಿಡಿದ ಪತ್ರಕರ್ತರು. ಬ್ಲಾಕ್ ಗಂಟೆಗಟ್ಟಲೆ ನಡೆಯುತ್ತಿದ್ದರು. ಮೆರವಣಿಗೆಯೂ ನಡೆಯುತ್ತಿತ್ತು.

ಹಾಗಾದರೆ ಕೇಸ್ ಯಾಕೆ ಹಾಕಲಿಲ್ಲ? ಅಮೆರಿಕದ ಕಾನೂನಿನಲ್ಲಿ ಬೇಹುಗಾರಿಕೆ ಸಾಬೀತು ಮಾಡಬೇಕಾದರೆ ದೇಶದ ರಕ್ಷಣೆಗೆ ಸಂಬಂಧಿಸಿದ ಮಾಹಿತಿ ಕೈಬದಲಾಗಿದೆ ಎಂದು ತೋರಿಸಬೇಕು. ಬೇಹುಗಾರನ ಜೊತೆ ಊಟ ಮಾಡಿದ್ದು ಸಾಲದು. ಚೀಲ ಕೊಟ್ಟದ್ದೂ ಸಾಲದು. ಒಳಗೆ ಏನಿತ್ತು ಎಂದು ಹೇಳಬೇಕು. ಅದನ್ನು ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ.

1990ರಲ್ಲಿ ಇಲಾಖೆ ಅವರನ್ನು ಕೆಲಸದಿಂದ ತೆಗೆಯಿತು. ಪಿಂಚಣಿಯೂ ಇಲ್ಲ. ಬ್ಲಾಕ್ ಉತ್ತರ ಕೆರೊಲಿನಾದ ಚಾಪೆಲ್ ಹಿಲ್ ಎಂಬ ಊರಿಗೆ ಹೋದರು. ಅಂಗಡಿಯಲ್ಲಿ ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬಿಕೊಡುವ ಕೆಲಸ ಮಾಡಿದರು. ಆಮೇಲೆ ಬಸ್ ಡ್ರೈವರ್ ಆದರು.

ನನಗೆ ಅನುಮಾನ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆ ಫೋನ್ ಕರೆ ಯಾರ ತಲೆಯಲ್ಲಾದರೂ ಹುಳ ಬಿಡುವಂಥದ್ದೇ. ಆದರೆ ಅನುಮಾನಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದಕ್ಕೆ ಇದೇ ಪ್ರಕರಣದಲ್ಲಿ ಇನ್ನೊಬ್ಬರ ಕಥೆ ಇದೆ.

ಗಿಕ್‌ಮನ್‌ನ ಜಾಡು ಹಿಡಿದವರಲ್ಲಿ ಮುಖ್ಯರಾದವರು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಅಧಿಕಾರಿ ಬ್ರಯನ್ ಕೆಲ್ಲಿ. ತನಿಖೆಯ ಗುಟ್ಟು ಮಾಸ್ಕೋಗೆ ಹೋಗಿದ್ದು ಹೇಗೆ ಎಂದು ಎಫ್‌ಬಿಐ ವರ್ಷಗಟ್ಟಲೆ ಹುಡುಕಿತು. ಕೊನೆಗೆ ಬೆರಳು ತೋರಿಸಿದ್ದು ಇದೇ ಕೆಲ್ಲಿಯವರ ಕಡೆಗೆ. ಗುಟ್ಟಾಗಿ ಅವರ ಮನೆ ಶೋಧಿಸಿದಾಗ ಪಾರ್ಕ್ ಒಂದರ ಕೈಬರಹದ ನಕ್ಷೆ ಸಿಕ್ಕಿತು. ಅಲ್ಲಲ್ಲಿ ಸಮಯ ಗುರುತು ಹಾಕಿತ್ತು. ದಾಖಲೆ ಬಚ್ಚಿಡುವ ಜಾಗಗಳಿವು ಅಂದುಕೊಂಡರು. ಪಾಪ, ಅದು ಅವರು ಓಡಲು ಹೋಗುತ್ತಿದ್ದ ದಾರಿ! ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತು ಎಂದು ಬರೆದಿಟ್ಟಿದ್ದರು. 1999ರಲ್ಲಿ ಅವರನ್ನು ಕೂರಿಸಿ ಆರೋಪ ಮಾಡಿದರು, ರಜೆ ಮೇಲೆ ಮನೆಗೆ ಕಳಿಸಿದರು. ಸಿಐಎಯಲ್ಲೇ ಇದ್ದ ಮಗಳನ್ನೂ ವಿಚಾರಣೆಗೆ ಎಳೆದರು.

ಆಮೇಲೆ ರಷ್ಯಾದ ಕಡೆಯಿಂದ ಒಂದು ಹಳೆಯ ಟೇಪ್ ಕೈಗೆ ಬಂತು. ಒಳಗಿನ ದ್ರೋಹಿ ಕೆಜಿಬಿಯವರ ಜೊತೆ ಮಾತಾಡಿದ್ದರ ಧ್ವನಿಮುದ್ರಣ. ಕೆಲ್ಲಿ ದನಿ ಕೇಳಿಸುತ್ತದೆ ಎಂದು ಕಾದು ಕೂತವರಿಗೆ ಕೇಳಿಸಿದ್ದು ತಮ್ಮದೇ ಸಹೋದ್ಯೋಗಿಯ ದನಿ. ಎಫ್‌ಬಿಐನ ರಾಬರ್ಟ್ ಹ್ಯಾನ್ಸನ್. ಪ್ಯಾರಿಸ್ ಊಟವಾಗಿ ಎಂಟೇ ದಿನಕ್ಕೆ, 1989ರ ಮೇ 22ರಂದು, ಬ್ಲಾಕ್ ಮೇಲಿನ ತನಿಖೆಯ ಸುದ್ದಿಯನ್ನು ಕೆಜಿಬಿಗೆ ತಲುಪಿಸಿದ್ದು ಇವನು. 2001ರ ಫೆಬ್ರವರಿ 18ರಂದು ಸಿಕ್ಕಿಬಿದ್ದ. ಸಿಕ್ಕಿಬಿದ್ದ ಪಾರ್ಕ್ ಇರುವುದು ವರ್ಜೀನಿಯಾದಲ್ಲಿ, ಆ ಊರಿನ ಹೆಸರೂ ವಿಯೆನ್ನಾ. ಜೀವಾವಧಿ ಶಿಕ್ಷೆ ಆಯಿತು. 2023ರಲ್ಲಿ ಜೈಲಿನಲ್ಲೇ ಸತ್ತ.

[ಪರದೆ: ಸುತ್ತುತ್ತಿರುವ ಟೇಪ್ ರೆಕಾರ್ಡರ್]

ಎಫ್‌ಬಿಐ ಕೆಲ್ಲಿಯವರ ಕ್ಷಮೆ ಕೇಳಿತು. ಅವರು ಕೆಲಸಕ್ಕೆ ಮರಳಿದರು. ಅವರ ಪಾಲಿಗೆ ಆ ಟೇಪ್ ಒಂದು ಸಿಕ್ಕಿತು. ಬ್ಲಾಕ್ ವಿಷಯದಲ್ಲಿ ಅಂಥದ್ದು ಯಾವುದೂ ಹೊರಬರಲಿಲ್ಲ. ತಪ್ಪಿತಸ್ಥರು ಎನ್ನುವುದಕ್ಕೂ ಇಲ್ಲ, ಅಲ್ಲ ಎನ್ನುವುದಕ್ಕೂ ಇಲ್ಲ. ಯಾವ ನ್ಯಾಯಾಲಯದಲ್ಲೂ ಅವರ ಮೇಲೆ ಬೇಹುಗಾರಿಕೆಯ ವಿಚಾರಣೆ ನಡೆಯಲಿಲ್ಲ.