ರಾಮು ತಂದ ಕಂಬಳಿ

ಕೇಳುಗರಿಗೆ ನಮಸ್ಕಾರ. ಮಡಿಕೇರಿಯಲ್ಲಿ ಮಳೆ ಹಿಡಿದಿದೆ. ತೋಟದ ಮರಗಳಲ್ಲಿ ಸೀತಾಳೆ ದಂಡೆ ಇಳಿಬಿದ್ದಿದೆ, ನೀವೂ ನೋಡಿರಬಹುದು. ಈ ಹೂ ಕಂಡಾಗಲೆಲ್ಲ ನನಗೆ 1985ರ ‘ಬೆಟ್ಟದ ಹೂವು’ ಸಿನಿಮಾ ನೆನಪಾಗುತ್ತದೆ. ನಾವೆಲ್ಲ ಅದನ್ನು ಪುನೀತ್ ಸಿನಿಮಾ ಅಂತಲೇ ಕರೆಯುತ್ತೇವೆ. ತಪ್ಪೇನಿಲ್ಲ ಬಿಡಿ, ಆ ಪುಟ್ಟ ಹುಡುಗನಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ ಅದು. ಆದರೆ ನಿರ್ದೇಶಕ ಎನ್. ಲಕ್ಷ್ಮೀನಾರಾಯಣ್ ಅವರ ಹೆಸರು ಎಷ್ಟು ಜನರಿಗೆ ನೆನಪಿದೆ?

ಕಥೆ ಸರಳ. ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿಯಿಂದ ಬಂದದ್ದು. ಬಡವರ ಮನೆಯ ರಾಮುವಿಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳುವ ಆಸೆ. ಅದಕ್ಕೇ ಬೆಟ್ಟ ಹತ್ತಿ, ಅಪರೂಪದ ಹೂ ಹುಡುಕಿ ತಂದು, ಕಾಸಿಗೆ ಕಾಸು ಕೂಡಿಸುತ್ತಾನೆ. ಕೊನೆಗೆ ಆ ದುಡ್ಡಲ್ಲಿ ತರುವುದು ಮಾತ್ರ ಪುಸ್ತಕವಲ್ಲ, ಮನೆಯವರಿಗೆ ಕಂಬಳಿ.

ಲಕ್ಷ್ಮೀನಾರಾಯಣ್ ತಮ್ಮ ಮೊದಲ ಚಿತ್ರ ‘ನಾಂದಿ’ ಮಾಡಿದ್ದು 1964ರಲ್ಲಿ. ನಾಯಕ ರಾಜ್‌ಕುಮಾರ್, ವಿಷಯ ಕಿವಿ ಕೇಳದ, ಮಾತು ಬಾರದವರ ಬದುಕು. ಅಷ್ಟು ದೊಡ್ಡ ನಟ ಕೈಯಲ್ಲಿದ್ದಾಗ ಕತ್ತಿವರಸೆ ಮಾಡಿಸದೆ ಇಂಥ ಕಥೆ ಹೇಳಿಸೋದಕ್ಕೆ ಧೈರ್ಯ ಬೇಕು, ಅಲ್ವಾ? ಆಮೇಲೆ ಚದುರಂಗರ ಕಾದಂಬರಿಯಿಂದ ‘ಉಯ್ಯಾಲೆ’. 1973ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ‘ಅಬಚೂರಿನ ಪೋಸ್ಟಾಫೀಸು’, ಊರವರ ಕಾಗದಗಳನ್ನು ಕದ್ದು ಓದುವ ಬೋಬಣ್ಣನ ಕಥೆ. ನನಗೆ ಇಲ್ಲೊಂದು ತಮಾಷೆ ಕಾಣುತ್ತದೆ. ಮೊದಲು ಮಗ ತೇಜಸ್ವಿಯ ಕಥೆ ತೆಗೆದುಕೊಂಡವರು, ಹನ್ನೆರಡು ವರ್ಷದ ಮೇಲೆ ಅಪ್ಪ ಕುವೆಂಪು ಬರೆದ ಪುಸ್ತಕವನ್ನು ಒಬ್ಬ ಹುಡುಗನ ಕನಸು ಮಾಡಿದರು. ಅತ್ತ ಅಪ್ಪ ರಾಜ್‌ಕುಮಾರ್‌ರಿಂದ ಶುರು ಮಾಡಿ ಮಗ ಪುನೀತ್‌ವರೆಗೆ ಬಂದರು.

ನಾನು ಈ ಸಿನಿಮಾ ನೋಡಿದ್ದು ಭಾಗಮಂಡಲದ ಕಡೆಯ ಅಜ್ಜಿ ಮನೆಯಲ್ಲಿ. ಗಾಳಿಗೆ ಆಂಟೆನಾ ತಿರುಗಿ ಟೀವಿಯಲ್ಲಿ ಚುಕ್ಕಿ ಜಾಸ್ತಿ, ಚಿತ್ರ ಕಡಿಮೆ. ಮಾವ ಕೊಡೆ ಹಿಡಿದು ಹೊರಗೆ ನಿಂತು ‘ಬಂತಾ, ಬಂತಾ’ ಅಂತ ಕೂಗುತ್ತಿದ್ದರು. ರಾಮು ಕಂಬಳಿ ತಂದಾಗ ನನಗೆ ಸಿಟ್ಟೇ ಬಂತು. ಅಷ್ಟು ಕಷ್ಟಪಟ್ಟಿದ್ದಾನೆ, ಪುಸ್ತಕ ಕೊಳ್ಳಬಾರದಿತ್ತಾ?

‘ಚಳಿ ಇರೋ ಮನೆ ಕಣೋ ಅವರದ್ದು’ ಅಂದರು ಅಜ್ಜಿ. ಅಷ್ಟೇ ಅಂದು ಒಲೆ ಮುಂದೆ ಹೋಗಿ ಕೂತರು.

ಅಜ್ಜಿ ಹೊದಿಸಿದ ಕರಿ ಕಂಬಳಿಯೊಳಗೆ ಬೆಚ್ಚಗೆ ಮಲಗಿಕೊಂಡು, ಆ ರಾತ್ರಿ ತುಂಬಾ ಹೊತ್ತು ನಾನು ರಾಮುವನ್ನು ಬೈಯುತ್ತಲೇ ಇದ್ದೆ.