ಬಣ್ಣ ಮಾಯವಾದರೆ ಕೋಶ ಸತ್ತಿತೇ?

ಕೇಳುಗರೇ, ನಮಸ್ಕಾರ.

ಮಿದುಳಿನ ತೆಳುವಾದ ಚೂರೊಂದನ್ನು ಸುಮ್ನೆ ಹಾಗೇ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಎಲ್ಲ ಮಸುಕು ಮಸುಕು. ಯಾವ ನರಕೋಶ ಡೋಪಮೈನ್ ಎಂಬ ಸಂದೇಶ ಸಾಗಿಸುವ ರಾಸಾಯನಿಕ ತಯಾರಿಸುತ್ತದೆ ಅನ್ನುವುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಅದನ್ನು ಕಾಣುವಂತೆ ಮಾಡುವ ಒಂದು ಆಂಟಿಬಾಡಿಯ, ಅಂದರೆ ಒಂದು ನಿರ್ದಿಷ್ಟ ವಸ್ತುವನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನಿನ ಬಗ್ಗೆ ಇವತ್ತು ಮಾತಾಡುತ್ತೇನೆ.

ಡೋಪಮೈನ್ ತಯಾರಿಕೆಯ ಮೊದಲ ಹೆಜ್ಜೆ ಟೈರೋಸಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವದ್ದು. ಟೈರೋಸಿನ್ ಅನ್ನು ಎಲ್-ಡೋಪಾ ಆಗಿ ಬದಲಿಸುವುದು ಅದರ ಕೆಲಸ. ನಾಗತ್ಸು, ಲೆವಿಟ್ ಮತ್ತು ಉಡೆನ್‌ಫ್ರೆಂಡ್ ಎಂಬ ವಿಜ್ಞಾನಿಗಳು 1964ರಲ್ಲಿ ಇದರ ಬಗ್ಗೆ ಬರೆದರು. ಲ್ಯಾಬಿನಲ್ಲಿ ಇದಕ್ಕೆ ಟಿಎಚ್ ಅಂತಲೇ ಹೆಸರು.

ಈ ಕಿಣ್ವವನ್ನು ಶುದ್ಧಮಾಡಿ ಮೊಲಕ್ಕೆ ಚುಚ್ಚಿದರೆ, ಮೊಲದ ರಕ್ತದಲ್ಲಿ ಅದನ್ನು ಗುರುತು ಹಿಡಿಯುವ ಆಂಟಿಬಾಡಿಗಳು ಹುಟ್ಟುತ್ತವೆ. ಆ ಆಂಟಿಬಾಡಿಯನ್ನು ಬೇಕಾದಷ್ಟು ತೆಳು ಮಾಡಿ ಮಿದುಳಿನ ಚೂರಿಗೆ ಹಾಕಿ ರಾತ್ರಿಯಿಡೀ ತಣ್ಣಗೆ ಇಡುತ್ತಾರೆ. ಟಿಎಚ್ ಇದ್ದಲ್ಲಿ ಅದು ಹೋಗಿ ಅಂಟಿಕೊಳ್ಳುತ್ತದೆ. ಆದರೆ ಅದಕ್ಕೇ ಬಣ್ಣವಿಲ್ಲ. ಮೊಲದ ಆಂಟಿಬಾಡಿಯನ್ನು ಹಿಡಿಯುವ ಇನ್ನೊಂದು ಆಂಟಿಬಾಡಿ ಬೇಕು. ಬಣ್ಣ ಬರುವುದು ಅದರಿಂದ. ಕೊನೆಗೆ ನಡುಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗದ ಡೋಪಮೈನ್ ಕೋಶಗಳು ಒಂದೊಂದಾಗಿ ಕಂದು ಬಣ್ಣದಲ್ಲಿ ಎದ್ದು ಕಾಣುತ್ತವೆ. ಅವುಗಳ ಎಳೆಗಳೂ ಕಾಣುತ್ತವೆ. ಮೊದಲ ಸಲ ನೋಡಿದವರು ಅದನ್ನು ಮರೆಯುವುದಿಲ್ಲ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಕಳೆದುಹೋಗುವುದು ಇದೇ ಕೋಶಗಳು.

ಒಂದು ತೊಡಕನ್ನು ಇಲ್ಲೇ ಹೇಳಿಬಿಡುತ್ತೇನೆ. ಮನುಷ್ಯರಲ್ಲಿ ಈ ಕೋಶಗಳಿಗೆ ತಮ್ಮದೇ ಒಂದು ಕಪ್ಪು-ಕಂದು ಬಣ್ಣವಿದೆ, ನ್ಯೂರೋಮೆಲನಿನ್ ಅಂತ. ಹಾಗಾಗಿ ಮನುಷ್ಯರ ಮಿದುಳಿಗೆ ಕಂದು ಬಿಟ್ಟು ಬೇರೆ ಬಣ್ಣ ಆರಿಸುವುದೇ ಒಳ್ಳೆಯದು.

ಆಂಟಿಬಾಡಿ ಹಿಡಿದದ್ದು ಟಿಎಚ್ ಅನ್ನೇ ಅಂತ ನಂಬುವುದು ಹೇಗೆ? ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರೆ ಮಾಡಿ ನೋಡಿದರೆ ಸುಮಾರು 60 ಕಿಲೋಡಾಲ್ಟನ್ (ಪ್ರೋಟೀನಿನ ತೂಕ ಹೇಳುವ ಅಳತೆ) ಹತ್ತಿರ ಒಂದು ಪಟ್ಟಿ ಬರಬೇಕು. ಮೊದಲ ಆಂಟಿಬಾಡಿ ಹಾಕದೇ ಬಿಟ್ಟ ಚೂರು ಖಾಲಿಯಾಗಿ ಉಳಿಯಬೇಕು. ಇಷ್ಟು ಮಾಡದೇ ಬಣ್ಣ ಬಂದ ಕೋಶಗಳ ಎಣಿಕೆಗೆ ಕೂರುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ವಿಷಯ, ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ಸಂದೇಶ ರಾಸಾಯನಿಕ ತಯಾರಿಸುವ ಕೋಶಗಳಲ್ಲೂ ಟಿಎಚ್ ಇರುತ್ತದೆ. ಬಣ್ಣ ಬಂದ ಮಾತ್ರಕ್ಕೆ ಅದು ಡೋಪಮೈನ್ ಕೋಶ ಅನ್ನುವಂತಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಬಣ್ಣ ಬಾರದ ಕೋಶಗಳು. ಈ ಕೋಶಗಳನ್ನು ಹಾಳುಮಾಡುವ ವಿಷವನ್ನು ಪ್ರಯೋಗಕ್ಕಾಗಿ ಕೊಟ್ಟ ಇಲಿಯ ಮಿದುಳಿನಲ್ಲಿ ಕಂದು ಕೋಶಗಳು ಅರ್ಧಕ್ಕೆ ಇಳಿದವು ಅನ್ನಿ. ಅರ್ಧ ಸತ್ತವು ಎಂದು ಬರೆದುಬಿಡುವುದು ಸುಲಭ. ಆದರೆ ಆಂಟಿಬಾಡಿ ನೋಡುವುದು ಕಿಣ್ವವನ್ನು, ಕೋಶವನ್ನಲ್ಲ. ಪೆಟ್ಟು ತಿಂದ ಕೋಶ ಬದುಕಿದ್ದೂ ಟಿಎಚ್ ತಯಾರಿಸುವುದನ್ನು ಕಡಿಮೆ ಮಾಡಬಹುದು. ಆಗ ಅದು ನಮ್ಮ ಎಣಿಕೆಯಿಂದ ಬಿದ್ದುಹೋಗುತ್ತದೆ. ಆಮೇಲೆ ಒಂದು ಔಷಧ ಕೊಟ್ಟು ಕಂದು ಕೋಶಗಳು ಹೆಚ್ಚು ಕಂಡರೆ? ಸಾಯಬೇಕಿದ್ದ ಕೋಶ ಉಳಿಯಿತೋ, ಬದುಕಿದ್ದ ಕೋಶವೇ ಮತ್ತೆ ಕಿಣ್ವ ತಯಾರಿಸತೊಡಗಿತೋ? ಎರಡೂ ಬೇರೆ ಬೇರೆ, ಅಲ್ವಾ? ಔಷಧಕ್ಕಾಗಿ ಕಾಯುತ್ತಿರುವ ರೋಗಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಅದಕ್ಕೇ ಪಕ್ಕದ ಚೂರಿಗೆ ನಿಸ್ಲ್ ಬಣ್ಣ ಹಾಕಬೇಕು. ಟಿಎಚ್ ಇರಲಿ, ಇಲ್ಲದಿರಲಿ, ನರಕೋಶ ಇದ್ದರೆ ಅದರಲ್ಲಿ ಕಾಣುತ್ತದೆ. ಅದನ್ನೂ ಅಷ್ಟೇ ತಾಳ್ಮೆಯಿಂದ ಎಣಿಸಿ, ಎರಡು ಎಣಿಕೆಗಳನ್ನೂ ಒಟ್ಟಿಗೆ ಬರೆಯಬೇಕು.

ನಮಸ್ಕಾರ.